ಇ-ಟೆಂಡರ್ ಬಂದ ಮೇಲೂ ದಲಾಲಿ ಅಂಗಡಿ ಬೇಕಾ?

ಪ್ರಶ್ನೆ: ನಾವು ಮೆಣಸಿನಕಾಯಿ ಬೆಳೆಯುವವರು. ಅಪ್ಪನ ಕಾಲದಿಂದ ಬ್ಯಾಡಗಿ ಪೇಟೆಯ ಒಂದೇ ದಲಾಲಿ ಅಂಗಡಿಗೆ ಮಾಲು ಹಾಕುತ್ತೇವೆ. ಬೀಜ, ಗೊಬ್ಬರ, ಅಕ್ಕನ ಮದುವೆ ಎಲ್ಲದಕ್ಕೂ ಅಲ್ಲಿಂದಲೇ ಮುಂಗಡ. ಈಗ ದರ ಇ-ಟೆಂಡರ್‌ನಲ್ಲಿ ತೀರ್ಮಾನ ಆಗುತ್ತದೆ. ಹಾಗಿದ್ದ ಮೇಲೆ ಆ ಸಾವುಕಾರರಿಗೇ ಯಾಕೆ ಅಂಟಿಕೊಂಡಿರಬೇಕು ಅಂತ ತಮ್ಮ ಕೇಳುತ್ತಾನೆ. ಅಪ್ಪನಿಗೆ ಸಿಟ್ಟು. ಯಾರು ಸರಿ?
– ಹೆಸರು ಬೇಡ ಎಂದವರು, ಹಾವೇರಿ ಜಿಲ್ಲೆ

ಉತ್ತರ: ತಮ್ಮ ದರದ ಮಾತಾಡುತ್ತಿದ್ದಾನೆ, ಅಪ್ಪ ಸಾಲದ ಮಾತಾಡುತ್ತಿದ್ದಾರೆ. ಜಗಳ ಮುಗಿಯದಿರುವುದು ಅದಕ್ಕೇ.

ದರದ ವಿಷಯದಲ್ಲಿ ತಮ್ಮನ ಮಾತು ಸರಿ. 2014ರಲ್ಲಿ ರಾಜ್ಯ ಸರ್ಕಾರ, ಕೃಷಿ ಸರಕುಗಳ ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್‌ನ ಅಂಗಸಂಸ್ಥೆ ಜೊತೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅನ್ನುವ ಕಂಪನಿ ಮಾಡಿತು. ಎಪಿಎಂಸಿಗಳ, ಅಂದರೆ ಕೃಷಿ ಮಾರುಕಟ್ಟೆಗಳ ಟೆಂಡರ್ ಒಂದೇ ಆನ್‌ಲೈನ್ ವೇದಿಕೆಗೆ ಬಂದದ್ದು ಹಾಗೆ. ಈಗ ನಿಮ್ಮ ಚೀಲಗಳಿಗೆ ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಅಂಗಡಿ ಅಂಗಡಿ ತಿರುಗಿ, ಬಿಚ್ಚಿದ ಚೀಲಕ್ಕೆ ಕೈ ಹಾಕಿ, ಬಣ್ಣ ನೋಡಿ, ಕಾಯಿ ಮುರಿದು, ಹಸಿ ಇದೆಯಾ ಅಂತ ಹಿಸುಕಿ ನೋಡಿ ಆಮೇಲೆ ದರ ಬರೆಯುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಲ್ಲ. ಹೊತ್ತು ಮುಗಿದ ಮೇಲೆ ಯಾರದ್ದು ಜಾಸ್ತಿ ಅಂತ ಹೊರಬೀಳುತ್ತದೆ. ಮೊದಲು ಸಾವುಕಾರರು ಹೇಳಿದ್ದೇ ದರ, ಈಗ ಅದು ನಿಮಗೂ ಅವರಿಗೂ ಒಟ್ಟಿಗೇ ಗೊತ್ತಾಗುತ್ತದೆ.

ದರ ಹಿಡಿಸದಿದ್ದರೆ ಬೇಡ ಅನ್ನುವ ಹಕ್ಕೂ ನಿಮಗಿದೆ. ಆದರೆ ಎಷ್ಟು ಜನ ಬೇಡ ಅನ್ನುತ್ತಾರೆ ಹೇಳಿ? ಮುಂಗಡ ಬಾಕಿ ಇರುತ್ತದೆ, ಸಾವುಕಾರರು ಎದುರಿಗೇ ಕೂತಿರುತ್ತಾರೆ, ‘ಇವತ್ತು ಪೇಟೆ ಇಷ್ಟೇ, ಕೊಟ್ಟುಬಿಡು’ ಅನ್ನುತ್ತಾರೆ, ನಾವು ತಲೆ ಆಡಿಸಿ ಬರುತ್ತೇವೆ. ಅಲ್ಲಿ ಕಂಪ್ಯೂಟರಿಗೇನೂ ಕೆಲಸವಿಲ್ಲ.

ಅಪ್ಪನ ಮಾತನ್ನೂ ಸುಮ್ನೆ ತಳ್ಳಿಹಾಕಬೇಡಿ. ಖರೀದಿದಾರ ದುಡ್ಡು ಕೊಡುವುದು ಎಷ್ಟೋ ಸಲ ತಡವಾಗುತ್ತದೆ, ನಿಮಗೆ ಅದಕ್ಕೂ ಮುಂಚೆ ಕೈಗೆ ಸಿಗುತ್ತದೆ. ನಡುವಿನ ದಿನಗಳ ಭಾರ ಹೊರುವವರು ದಲಾಲಿ ಅಂಗಡಿಯವರೇ. ಇನ್ನೊಂದು ಮಾತು. ದೂರದ ಊರಿನ ವ್ಯಾಪಾರಿಯೂ ಟೆಂಡರ್ ಹಾಕಬಹುದು ಅನ್ನೋದು ಕಾಗದದ ಮೇಲೆ ಚೆನ್ನಾಗಿದೆ, ಆದರೆ ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ, ಅದನ್ನು ಫೋನಿನಲ್ಲಿ ನೋಡಿ ಯಾರೂ ನಂಬಲ್ಲ. ಅವರೂ ಪೇಟೆಯಲ್ಲಿ ಗೊತ್ತಿದ್ದವರಿಗೆ ಫೋನ್ ಹಚ್ಚಿ ‘ಮಾಲು ಹೆಂಗೈತ್ರಿ?’ ಅಂತಲೇ ಕೇಳೋದು. ಹಾಗಾಗಿ ಪೇಟೆಯಲ್ಲಿ ಹೆಸರಿರುವ ಅಂಗಡಿಯಲ್ಲಿ ನಿಮ್ಮ ಚೀಲ ಇದ್ದರೆ ನಿಮಗೇ ಲಾಭ.

ನಾನಾದರೆ ಅಂಗಡಿ ಬಿಡಲ್ಲ, ಲೆಕ್ಕ ಬೇರೆ ಮಾಡಿಸುತ್ತೇನೆ. ಮಾರಿದ್ದಕ್ಕೆ ಲಾಟ್‌ವಾರು ಬಿಲ್ಲು ಒಂದು, ಮುಂಗಡ ಮತ್ತು ಬಡ್ಡಿಯ ಲೆಕ್ಕ ಇನ್ನೊಂದು. ಎರಡೂ ಒಂದೇ ಚೀಟಿಯಲ್ಲಿ ಕಲಸಿಹೋದರೆ ಎಲ್ಲಿ ಎಷ್ಟು ಕಡಿತವಾಯಿತು ಅಂತ ದೇವರಿಗೂ ಗೊತ್ತಾಗಲ್ಲ. ಕಮಿಷನ್ ಕೊಡಬೇಕಾದವರು ಖರೀದಿದಾರರು, ರೈತರಲ್ಲ, ಕಾನೂನು ಹಾಗೇ ಇದೆ. ‘ಬಿಳಿ ಚೀಟಿ’, ಅಂದರೆ ಲೆಕ್ಕಕ್ಕೆ ಸಿಗದ ಕೈಬರಹದ ಚೀಟಿ ಬರೆದು ಕಮಿಷನ್ನನ್ನು ನಿಮ್ಮ ಹಣದಲ್ಲೇ ಮುರಿದುಕೊಂಡರೆ ಅದನ್ನು ಇ-ಟೆಂಡರ್ ಹಿಡಿಯಲ್ಲ, ಯಾಕೆಂದರೆ ಅದು ನಡೆಯುವುದು ಟೆಂಡರ್ ಮುಗಿದ ಮೇಲೆ. ಅಚ್ಚಾದ ಬಿಲ್ಲು ಕೇಳಿ. ಮುಂದಿನ ಹಂಗಾಮಿಗೆ ಸೊಸೈಟಿಯಿಂದ ಬೆಳೆ ಸಾಲ ಎಷ್ಟು ಸಿಗುತ್ತದೆ ನೋಡಿ. ಮುಂಗಡ ಕಡಿಮೆಯಾದಷ್ಟೂ ‘ಈ ದರಕ್ಕೆ ಬೇಡ್ರಿ’ ಅನ್ನುವುದು ಸುಲಭ.

ಪ್ರಶ್ನೆ: ಇ-ಟೆಂಡರ್ ಇದ್ದರೂ ಖರೀದಿದಾರರು ಮೊದಲೇ ಮಾತಾಡಿಕೊಂಡು ದರ ಇಳಿಸಬಹುದಲ್ವಾ?
– ಓದುಗರು, ಗದಗ

ಉತ್ತರ: ಇಳಿಸಬಹುದು. ಫೋನ್ ಎಲ್ಲರ ಜೇಬಲ್ಲೂ ಇದೆ. ಅದಕ್ಕೆ ಮದ್ದು ಒಂದೇ, ಟೆಂಡರ್ ಹಾಕುವವರ ಸಂಖ್ಯೆ ಹೆಚ್ಚಬೇಕು. ಅನುಮಾನ ಮಾತ್ರ ಅಷ್ಟು ಬೇಗ ಹೋಗಲ್ಲ. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ನೆನಪಿದೆಯಲ್ವಾ? ದರ ಕಣ್ಣಿಗೆ ಕಾಣುತ್ತಿತ್ತು. ಅದು ಯಾಕೆ ಇಳಿಯಿತು ಅಂತ ನಂಬುವ ಹಾಗೆ ಹೇಳುವವರು ಬೇಕಿತ್ತು.

ಪ್ರಶ್ನೆ: ನಾನು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಚಿಕ್ಕ ರೀಲರ್. ಗೂಡು ಕೊಂಡು ‘ಎರಡು ದಿನ ಬಿಟ್ಟು ಕೊಡ್ತೀನಣ್ಣ’ ಅಂದರೆ ಮೊದಲು ರೈತರು ಒಪ್ಪುತ್ತಿದ್ದರು. ಈಗ ಮುಂಚೆಯೇ ದುಡ್ಡು ಕಟ್ಟಿ ಇ-ಹರಾಜಿಗೆ ನಿಲ್ಲಬೇಕು. ಗೊತ್ತಿದ್ದ ರೈತರ ಜೊತೆಗಿನ ನಂಟೇ ಹೋಯಿತು.
– ಓದುಗರು, ರಾಮನಗರ

ಉತ್ತರ: ನಿಮ್ಮ ಕಷ್ಟ ನಿಜ. ಆದರೆ ಆ ಎರಡು ದಿನ ನಿಮ್ಮ ವ್ಯಾಪಾರ ನಡೆಯುತ್ತಿದ್ದದ್ದು ರೈತರ ದುಡ್ಡಿನಲ್ಲಿ, ಅದೂ ಬಡ್ಡಿ ಇಲ್ಲದೆ. ಎರಡು ದಿನ ಎಂಟಾದಾಗ ಆ ನಂಟು ಅವರಿಗೆ ಹೇಗಿತ್ತು ಅಂತ ಅವರನ್ನೇ ಕೇಳಬೇಕು. ಈಗ ಹಣ ನೇರ ಅವರ ಬ್ಯಾಂಕಿಗೆ ಹೋಗುತ್ತದೆ, ಅದು ಹಾಗೇ ಇರಲಿ. ನಿಮ್ಮಂಥ ಚಿಕ್ಕವರಿಗೆ ದುಡಿಯುವ ಬಂಡವಾಳಕ್ಕೆ ಬ್ಯಾಂಕ್ ಸಾಲ ಬೇಕು, ರೀಲರ್‌ಗಳು ಗುಂಪಾಗಿ ಕೇಳಬೇಕಾದದ್ದು ಅದನ್ನೇ. ನಂಟು ಉಳಿಸಿಕೊಳ್ಳುವುದು ಈಗಲೂ ಆಗುತ್ತದೆ. ಒಂದು ಕೆಜಿ ನೂಲಿಗೆ ಯಾರ ಗೂಡು ಎಷ್ಟು ಕೆಜಿ ಹಿಡಿಯಿತು ಅಂತ ಬರೆದಿಡಿ. ಚೆನ್ನಾಗಿ ಬಿಚ್ಚಿದ ಗೂಡಿನ ರೈತರಿಗೆ ಫೋನ್ ಮಾಡಿ ಹೇಳಿ, ಅವರ ಮುಂದಿನ ಲಾಟ್ ಯಾವತ್ತು ಬರುತ್ತದೆ ಕೇಳಿ, ಆವತ್ತು ಹತ್ತು ರೂಪಾಯಿ ಮೇಲೆ ಕೂಗಿ.