ಕೋಟೆ ನೋಡೋಕೆ ಬಸ್ಸು ಬರುತ್ತೆ, ನಮ್ಮ ಬೀದಿಗೆ ಚರಂಡಿ ಬರಲ್ಲ

(ಊರು, ಮನೆ, ನೆರೆಹೊರೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನಗರ ಯೋಜನೆ ತಜ್ಞೆಯ ಉತ್ತರ)

ಪ್ರಶ್ನೆ: ಮೇಡಂ, ಶ್ರೀರಂಗಪಟ್ಟಣದ ಕೋಟೆ ಒಳಗೆ ನಾವು ಮೂರು ತಲೆಮಾರಿನಿಂದ ಇದ್ದೇವೆ. ತಾತ ಕಟ್ಟಿಸಿದ ಹೆಂಚಿನ ಮನೆ. ಎರಡು ಮಳೆಗಾಲದಿಂದ ಸೋರುತ್ತಿದೆ, ಹಿಂದಿನ ಗೋಡೆ ಉಬ್ಬಿದೆ. ‘ಸ್ಮಾರಕದ ಹತ್ತಿರ ಇದೆ, ಮುಟ್ಟೋ ಹಾಗಿಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ಬೀದಿಗೆ ಚರಂಡಿ ಕೇಳಿದರೂ ಅದೇ ಉತ್ತರ. ಭಾನುವಾರ ಬಂದರೆ ನಮ್ಮ ಬಾಗಿಲ ಮುಂದೆ ಟೂರಿಸ್ಟ್ ಗಾಡಿ, ಎಂಜಲು ತಟ್ಟೆ, ಗೋಡೆ ಮರೆಯಲ್ಲಿ ಮೂತ್ರ. ಊರು ಹೆಸರುವಾಸಿ ಆಗಿದ್ದೇ ನಮಗೆ ಶಿಕ್ಷೆನಾ?

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ಆ ಬೀದಿಗಳೇ ಕಣ್ಣ ಮುಂದೆ ಬಂದವು. ಕೆಲಸದ ಮೇಲೆ ಕೋಟೆ ಒಳಗೆ ಓಡಾಡುತ್ತಿದ್ದಾಗ ಒಂದು ಬೆಳಿಗ್ಗೆ ನೋಡಿದ್ದು ಇನ್ನೂ ಮರೆತಿಲ್ಲ. ವಯಸ್ಸಾದ ಅಮ್ಮ ಒಬ್ಬರು ಬಾಗಿಲು ಸಾರಿಸಿ ರಂಗೋಲಿ ಇಟ್ಟು ಒಳಗೆ ಹೋದರು. ಹತ್ತು ನಿಮಿಷಕ್ಕೆ ಒಂದು ವ್ಯಾನು ಹಿಂದೆ ತೆಗೆಯುತ್ತಾ ಅದರ ಮೇಲೇ ಬಂದು ನಿಂತಿತು. ಇಳಿದವರು ಅಲ್ಲೇ ಕೈ ತೊಳೆದರು. ಆ ನೀರು ಹರಿದುಹೋಗಲು ದಾರಿ ಇಲ್ಲದೆ ಹೊಸ್ತಿಲ ಬುಡಕ್ಕೇ ಬಂದು ನಿಂತಿತು. ಗಾಡಿ ಹೋದ ಮೇಲೆ ಆ ಅಮ್ಮ ಮತ್ತೆ ಪೊರಕೆ ಹಿಡಿದು ಬಂದರು. ಯಾರನ್ನೂ ಬೈಯಲಿಲ್ಲ.

ಮೊದಲು ಮನೆ ವಿಚಾರ. ಮುಟ್ಟೋ ಹಾಗೇ ಇಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಪುರಾತನ ಸ್ಮಾರಕಗಳ ಕಾಯ್ದೆ ಬಂದಿದ್ದು 1958ರಲ್ಲಿ. 2010ರ ತಿದ್ದುಪಡಿಯಲ್ಲಿ ಅದು ಬಿಗಿ ಆಯಿತು. ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಶ್ರೀರಂಗಪಟ್ಟಣದಂಥ ಸಣ್ಣ ದ್ವೀಪದಲ್ಲಿ ಗುಡಿ, ಮಸೀದಿ, ಕೋಟೆಗೋಡೆ ಎಲ್ಲ ಒತ್ತಾಗಿವೆ. ಒಂದರ ಸುತ್ತಿನ ಗಡಿ ಇನ್ನೊಂದರ ಗಡಿಯ ಮೇಲೆ ಬೀಳುತ್ತದೆ. ಹಾಗಾಗಿ ಕೋಟೆ ಒಳಗಿನ ಮನೆಗಳಿಗೆ ತಪ್ಪಿಸಿಕೊಳ್ಳಲು ಜಾಗವೇ ಕಡಿಮೆ.

ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ನಿಜ. ಆದರೆ 1992ರ ಜೂನ್ 16ಕ್ಕಿಂತ ಮುಂಚೆಯೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ನಿಮ್ಮದು ತಾತನ ಕಾಲದ ಮನೆ. ಹಳೇ ಕಂದಾಯ ರಸೀದಿ, ಖಾತೆ, ಕರೆಂಟ್ ಬಿಲ್, ಮದುವೆ ಫೋಟೋದಲ್ಲಿ ಹಿಂದೆ ಕಾಣುವ ಮನೆ, ಏನಿದ್ದರೂ ಹುಡುಕಿ ತೆಗೆಯಿರಿ. ಟ್ರಂಕಿನ ತಳದಲ್ಲಿರುವ ಆ ಹಳದಿ ಕಾಗದವೇ ಈಗ ನಿಮ್ಮ ಆಸ್ತಿ.

ಅರ್ಜಿ ಹೋಗಬೇಕಾದದ್ದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇಂಥ ಅರ್ಜಿಗಳನ್ನು ನೋಡಲೆಂದೇ ನೇಮಿಸಿದ ಅಧಿಕಾರಿಗೆ. ಅವರು 15 ದಿನದೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ರಾಷ್ಟ್ರೀಯ ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ಕೊಡಬೇಕು. ಅದಾದ ಒಂದು ತಿಂಗಳಲ್ಲಿ ನಿಮಗೆ ಹೌದು ಅಥವಾ ಇಲ್ಲ ಅನ್ನುವ ಉತ್ತರ ಬರಬೇಕು. ಈ ಗಡುವುಗಳು ಕಾಯ್ದೆಯಲ್ಲೇ ಇವೆ. ಬಾಯಿಮಾತಿನ ‘ಆಗಲ್ಲ’ ಕೇಳಿ ವಾಪಸ್ ಬರಬೇಡಿ. ಸ್ವೀಕೃತಿ ಪಡೆಯಿರಿ, ಆಗಲ್ಲ ಅಂದರೆ ಬರವಣಿಗೆಯಲ್ಲಿ ಹಿಂಬರಹ ಕೇಳಿ. ಹಾಗಂತ ರಾತ್ರೋರಾತ್ರಿ ಕೆಲಸ ಶುರು ಮಾಡಿಬಿಡಬೇಡಿ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಬೀಳಬಹುದು. ದುಡ್ಡಿದ್ದವರು ವಕೀಲರನ್ನು ಹಿಡಿದು ಇದನ್ನೆಲ್ಲ ದಾಟುತ್ತಾರೆ. ಕೂಲಿ ಮಾಡುವವರು ಸೋರುವ ಮನೆಗೆ ಟಾರ್ಪಾಲು ಕಟ್ಟಿಕೊಂಡು ಕೂರುತ್ತಾರೆ. ಕಾನೂನು ಒಂದೇ, ಅದರ ಭಾರ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ನನಗೆ ಸಂಕಟ ಆಗುವುದು ಇಲ್ಲೇ.

ಇನ್ನು ಚರಂಡಿ. ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಅದೇ ಕಾಯ್ದೆಯಲ್ಲಿ ‘ನಿರ್ಮಾಣ’ ಅಂದರೆ ಏನು ಅಂತ ವಿವರಿಸಿದ ಕಡೆ ಚರಂಡಿ, ಸಾರ್ವಜನಿಕ ಶೌಚಾಲಯ, ಜನರಿಗೆ ನೀರು ಮತ್ತು ವಿದ್ಯುತ್ ಒದಗಿಸುವ ಕೆಲಸಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಅಂದರೆ ನಿಮ್ಮ ಬೀದಿಗೆ ಚರಂಡಿ ಮಾಡಲು ಹೊಸ ಕಟ್ಟಡಕ್ಕೆ ಇರುವ ನಿಷೇಧ ಅಡ್ಡ ಬರುವುದಿಲ್ಲ. ಕೋಟೆಗೋಡೆಯನ್ನೋ ಕಂದಕವನ್ನೋ ಮುಟ್ಟಬೇಕಾದರೆ ಪುರಾತತ್ವ ಇಲಾಖೆಯ ಒಪ್ಪಿಗೆ ಬೇರೆಯಾಗಿ ಬೇಕು. ಪಕ್ಕದಲ್ಲಿ ಅಗೆಯುವಾಗಲೂ ಎಚ್ಚರ ಬೇಕು. ಆದರೆ ‘ಸ್ಮಾರಕ ಇದೆ, ಚರಂಡಿ ಆಗಲ್ಲ’ ಅನ್ನುವ ಉತ್ತರಕ್ಕೆ ಕಾಯ್ದೆಯಲ್ಲಿ ಆಧಾರ ಇಲ್ಲ. ಬೀದಿಯವರೆಲ್ಲ ಸಹಿ ಹಾಕಿ ಪುರಸಭೆಗೆ ಅರ್ಜಿ ಕೊಡಿ. ಅದರಲ್ಲಿ ಈ ಮಾತನ್ನೇ ಬರೆಯಿರಿ.

ಮನಸ್ಸಿದ್ದರೆ ಮಾರ್ಗ ಇರುತ್ತದೆ. ಇದಕ್ಕೆ ಸಾಕ್ಷಿ ನಿಮ್ಮೂರಲ್ಲೇ ಇದೆ, ಅಲ್ವಾ? ಜೋಡಿ ರೈಲು ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯಲಿಲ್ಲ. 2017ರಲ್ಲಿ ಬುಡಸಮೇತ ಎತ್ತಿ, ನೂರು ಮೀಟರಿಗೂ ಜಾಸ್ತಿ ದೂರ ಸರಿಸಿ ಕೂರಿಸಿದರು. ಅಷ್ಟು ಭಾರದ ಕಟ್ಟಡವನ್ನು ನಡೆಸಿಕೊಂಡು ಹೋದ ಊರಿನಲ್ಲಿ ಒಂದು ಚರಂಡಿಗೆ ದಾರಿ ಹುಡುಕುವುದು ದೊಡ್ಡ ವಿಷಯ ಅಲ್ಲ.

ಪುರಸಭೆಯ ಕಷ್ಟವನ್ನೂ ಹೇಳಬೇಕು. ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್‌ನಲ್ಲಿ ಮಾರುವ ಟಿಕೆಟ್‌ನ ಹಣ ಕೇಂದ್ರದ ಖಜಾನೆಗೆ ಹೋಗುತ್ತದೆ. ಸಂವಿಧಾನದ 285ನೇ ವಿಧಿಯಿಂದಾಗಿ ಕೇಂದ್ರದ ಆಸ್ತಿಗೆ ಪುರಸಭೆ ಕಂದಾಯವನ್ನೂ ಹಾಕುವ ಹಾಗಿಲ್ಲ. ಬಂದವರ ಕಸ, ಮೂತ್ರ, ಗಾಡಿ ಮಾತ್ರ ಪುರಸಭೆಯ ಪಾಲು. ಕಾವೇರಿ ದಡದ ಪಶ್ಚಿಮವಾಹಿನಿಯಲ್ಲೂ ಇದೇ ಕತೆ. ಅಸ್ಥಿ ಬಿಡಲು ಎಲ್ಲೆಲ್ಲಿಂದಲೋ ಬರುತ್ತಾರೆ, ಉಟ್ಟ ಬಟ್ಟೆಯನ್ನೂ ಹೊಳೆಗೇ ಬಿಟ್ಟು ಹೋಗುತ್ತಾರೆ. ಅದನ್ನು ಎಳೆದು ದಡಕ್ಕೆ ಹಾಕುವವರು ಇಲ್ಲಿನ ಜನ. ಟಿಕೆಟ್ ಹಣದಲ್ಲಿ ಊರಿಗೊಂದು ಪಾಲು ಬೇಕು ಅನ್ನುವುದು ನ್ಯಾಯವಾದ ಬೇಡಿಕೆ ಅಂತ ನಾನು ಎಷ್ಟೋ ಸಭೆಯಲ್ಲಿ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಸಂಸದರಿಗೆ ಬರೆಯುವಾಗ ನೀವೂ ಇದನ್ನು ಸೇರಿಸಿ.

ಪ್ರಶ್ನೆ: ನಮ್ಮಮ್ಮ ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ರಸ್ತೆ ಬದಿ ಹೂವು ಕಟ್ಟಿ ಮಾರುತ್ತಾರೆ. ಅಜ್ಜಿಯೂ ಅಲ್ಲೇ ಮಾರುತ್ತಿದ್ದರು. ದಸರಾ ಬಂತೆಂದರೆ ಎತ್ತಿಸಿಬಿಡುತ್ತಾರೆ. ವ್ಯಾಪಾರ ಆಗುವುದೇ ಆಗ. ಏನು ಮಾಡೋದು?

ಉತ್ತರ: 2014ರ ಬೀದಿ ವ್ಯಾಪಾರಿಗಳ ಕಾಯ್ದೆ ನಿಮ್ಮಮ್ಮನಿಗಾಗಿಯೇ ಇರುವುದು. ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ. ಸ್ಥಳಾಂತರ ಮಾಡುವುದಾದರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಬೀದಿ ವ್ಯಾಪಾರದ ವಿಚಾರ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅಮ್ಮನ ಹೆಸರು ಸಮೀಕ್ಷೆಯಲ್ಲಿ ಇದೆಯಾ ಅಂತ ಇವತ್ತೇ ಪಾಲಿಕೆಯಲ್ಲಿ ವಿಚಾರಿಸಿ.

ಇನ್ನೊಂದು ಮಾತು ನಿಮಗೆ ಖುಷಿ ಕೊಡಬಹುದು. 50 ವರ್ಷಕ್ಕೂ ಮೇಲ್ಪಟ್ಟು ವ್ಯಾಪಾರ ನಡೆದುಬಂದ ಸಹಜ ಸಂತೆಗಳನ್ನು (ತಾವಾಗಿಯೇ ಬೆಳೆದು ಬಂದವು) ಪರಂಪರೆಯ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರ ಮಾಡಬಾರದು ಅಂತ ಅದೇ ಕಾಯ್ದೆಯ ಅನುಬಂಧ ಹೇಳುತ್ತದೆ. 1912ರಲ್ಲಿ ಮುಗಿದ ಅರಮನೆ ಪರಂಪರೆಯಾದರೆ, ಅಜ್ಜಿಯಿಂದ ಅಮ್ಮನ ಕೈಗೆ ಬಂದ ಮಲ್ಲಿಗೆ ಮೊಳವೂ ಪರಂಪರೆಯೇ. ಅಜ್ಜಿ ಅಲ್ಲಿ ಕೂತಿದ್ದನ್ನು ಕಂಡವರು ಇನ್ನೂ ಇರುತ್ತಾರೆ. ಅವರ ಹೇಳಿಕೆಗಳನ್ನು ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ನಾವು ವಿದ್ಯಾರಣ್ಯಪುರಂ ಕಡೆಯವರು. ಗಾಳಿ ತಿರುಗಿದರೆ ಊರಿನ ಕಸ ಸುರಿಯೋ ಸೂಯೆಜ್ ಫಾರಂ ವಾಸನೆಗೆ ಕಿಟಕಿ ತೆಗೆಯೋಕಾಗಲ್ಲ. ಮೈಸೂರು ಸ್ವಚ್ಛ ನಗರ ಅಂತ ಹೇಳೋದು ಕೇಳಿದರೆ ಅಳು ಬರುತ್ತೆ.

ಉತ್ತರ: ಸ್ವಚ್ಛ ಸರ್ವೇಕ್ಷಣೆಯಲ್ಲಿ 2016ರಲ್ಲಿ ಮೈಸೂರು ದೇಶಕ್ಕೇ ಮೊದಲು ಬಂತು. ಅದು ಹೆಮ್ಮೆಯ ಮಾತು, ಅದರ ಹಿಂದೆ ಪೌರಕಾರ್ಮಿಕರ ಬೆವರಿದೆ. ಆದರೆ ಅರಮನೆ ಸುತ್ತ ಗುಡಿಸಿದ ಕಸ ಮಾಯ ಆಗುವುದಿಲ್ಲ. ಊರಿನ ಕಸವನ್ನೆಲ್ಲ ಒಂದೇ ದಿಕ್ಕಿಗೆ ಸುರಿದರೆ ಆ ದಿಕ್ಕಿನ ಜನ ಎಲ್ಲರ ಪರವಾಗಿ ಉಸಿರು ಕಟ್ಟಿಕೊಂಡು ಬದುಕಬೇಕಾಗುತ್ತದೆ.

ಪರಿಹಾರ ಕಸ ಹುಟ್ಟುವ ಕಡೆಯೇ ಇದೆ. ದಿನಕ್ಕೆ 100 ಕೆ.ಜಿ.ಗಿಂತ ಜಾಸ್ತಿ ಕಸ ಮಾಡುವ ದೊಡ್ಡ ಹೋಟೆಲು, ಛತ್ರಗಳು ಹಸಿ ಕಸವನ್ನು ಆದಷ್ಟು ತಮ್ಮ ಆವರಣದಲ್ಲೇ ಗೊಬ್ಬರ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿತ್ತು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಂಥ ಸಣ್ಣ ಘಟಕಗಳು ಬಡಾವಣೆಗೊಂದು ಇದ್ದರೆ ನಿಮ್ಮ ಕಡೆ ಬರುವ ಲಾರಿ ಕಡಿಮೆ ಆಗುತ್ತದೆ. ವಾಸನೆ ಬಂದ ದಿನ, ಹೊತ್ತು, ಗಾಳಿ ಬೀಸಿದ ದಿಕ್ಕು, ಮನೆಯಲ್ಲಿ ಯಾರಿಗೆ ಕೆಮ್ಮು ಬಂತು, ಇಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯುತ್ತಾ ಬನ್ನಿ. ಅಕ್ಕಪಕ್ಕದ ಹತ್ತು ಮನೆಯವರೂ ಬರೆಯಲಿ. ಮೂರು ತಿಂಗಳಾದ ಮೇಲೆ ಅದರ ನಕಲನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೂ ಪಾಲಿಕೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ನನಗೂ ಒಂದು ನಕಲು ಕಳಿಸಿ, ಮುಂದಿನ ಅರ್ಜಿಯನ್ನು ಜೊತೆಗೆ ಕೂತು ಬರೆಯೋಣ.