ಬ್ಯಾಕ್ಟೀರಿಯಾ ತಾನೇ ತಯಾರಿಸಿದ ವಿಷಕ್ಕೆ ತಾನೇಕೆ ಬಲಿಯಾಗುವುದಿಲ್ಲ?

ವಿಷದ ಜೀನ್ ಇರುವ ಗುಂಪಿನಲ್ಲೇ ಅದರಿಂದ ಪಾರಾಗುವ ಜೀನ್‌ಗಳೂ ಇರುತ್ತವೆ, ಅದಕ್ಕೇ. ಎದುರಾಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಇಂಥ ಪೆಪ್ಟೈಡ್‌ಗಳಿಗೆ (ಅಂದರೆ ಕಿರು ಪ್ರೋಟೀನ್‌ಗಳಿಗೆ) ಬ್ಯಾಕ್ಟೀರಿಯೊಸಿನ್ ಎಂದು ಹೆಸರು.

ಹಾಲನ್ನು ಹುಳಿಯಾಗಿಸುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ತಯಾರಿಸುವ ನೈಸಿನ್ ಅನ್ನೇ ನೋಡಿ. 34 ಅಮೈನೊ ಆಮ್ಲಗಳ ಈ ಸರಪಳಿ, ಕೋಶದ ಗೋಡೆ ಕಟ್ಟಲು ಬೇಕಾದ ಲಿಪಿಡ್-2 ಎಂಬ ಸಾಮಗ್ರಿಯನ್ನು ಹಿಡಿದುಕೊಂಡು ಪೊರೆಯನ್ನೇ ತೂತು ಮಾಡುತ್ತದೆ. ತಯಾರಾದ ಕೋಶದೊಳಗೆ ಮಾತ್ರ ಅದು ನಿರುಪದ್ರವಿ. ಏಕೆಂದರೆ ಅದರ ತುದಿಗೆ ಅಂಟಿರುವ ಒಂದು ತುಂಡು ಹೊರಗೆ ಹೋದಮೇಲಷ್ಟೇ ಕತ್ತರಿಸಿಹೋಗುತ್ತದೆ.

ಅದು ತಿರುಗಿ ಬಂದರೆ? ನಿಸ್‌ಐ ಎಂಬ ಪ್ರೋಟೀನ್ ಪೊರೆಯ ಬಳಿಯೇ ತಡೆಯುತ್ತದೆ, ಇನ್ನೊಂದು ಪಂಪ್ ಹೊರದಬ್ಬುತ್ತದೆ. ಚಮತ್ಕಾರವೆಂದರೆ, ಈ ರಕ್ಷಣೆಯ ಜೀನ್‌ಗಳನ್ನು ಚುರುಕುಗೊಳಿಸುವ ಸಂಕೇತವೂ ಹೊರಗಿರುವ ನೈಸಿನ್ನೇ!