ಶೇ. 10ರೊಳಗೆ ಬಂದರೆ ಸಾಕೇ?

ಪ್ರಶ್ನೆ: ನನ್ನ ಮಾರ್ಗದರ್ಶನದ ಎಂ.ಎ. ವಿದ್ಯಾರ್ಥಿಯ ಕಿರುಪ್ರಬಂಧವನ್ನು ಕೃತಿಚೌರ್ಯ ಪತ್ತೆ ತಂತ್ರಾಂಶಕ್ಕೆ ಹಾಕಿದಾಗ ಬೇರೆ ಬರಹಗಳ ಜೊತೆ ಶೇ. 32 ಹೋಲಿಕೆ ಬಂತು. ‘ಪದ ಬದಲಿಸಿ ತಾ’ ಎಂದೆ. ಈಗ 8ಕ್ಕೆ ಇಳಿದಿದೆ. ಸಾಕಲ್ಲವೇ?

ಉತ್ತರ: ಸಾಲದು. ತಂತ್ರಾಂಶ ಅಳೆಯುವುದು ಹೋಲಿಕೆಯನ್ನು, ಕಳವನ್ನಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರಬಂಧದಲ್ಲಿ ಶೇ. 10ರವರೆಗೆ ದಂಡವಿಲ್ಲ. 40ರವರೆಗಿದ್ದರೆ ಆರು ತಿಂಗಳು ಮೀರದಂತೆ ತಿದ್ದಿ ಸಲ್ಲಿಸಬೇಕು, 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ ಭಾಗ, ಪರಿವಿಡಿ, ಗ್ರಂಥಸೂಚಿ, ಕಾನೂನಿನ ಪಠ್ಯ ಈ ಲೆಕ್ಕಕ್ಕೆ ಬರುವುದಿಲ್ಲ. ಆ 32ರಲ್ಲಿ ಇಂಥವೆಷ್ಟು, ಎತ್ತಿಕೊಂಡದ್ದೆಷ್ಟು ಎಂದು ಮೊದಲು ವರದಿ ತೆರೆದು ನೋಡಬೇಕಿತ್ತು.

‘ಪದ ಬದಲಿಸು’ ಎಂದರೆ ಏನಾಗುತ್ತದೆ ನೋಡಿ. ಮೂಲ: ‘ಮಳೆ ಕೈಕೊಟ್ಟ ವರ್ಷ ಕೆರೆಯ ಹೂಳೆತ್ತಲು ಊರವರೇ ಮುಂದಾದರು.’ ವಿದ್ಯಾರ್ಥಿ: ‘ವೃಷ್ಟಿ ಕೊರತೆಯಾದ ವರ್ಷ ತಟಾಕದ ಹೂಳು ತೆಗೆಯಲು ಗ್ರಾಮಸ್ಥರೇ ಮುಂದಾದರು.’ ಕನ್ನಡ ಕೆಟ್ಟಿತು, ಕಳವು ಹಾಗೇ ಉಳಿಯಿತು. ವಾಕ್ಯದ ಚೌಕಟ್ಟೂ ವಿಚಾರವೂ ಇನ್ನೊಬ್ಬರದೇ.

ತರಗತಿಯಲ್ಲಿ ಹೀಗೆ ಮಾಡಿಸಿ. 150 ಪದಗಳ ಒಂದು ಪ್ಯಾರಾ ಕೊಟ್ಟು ಎರಡು ಸಲ ಓದಿಸಿ, ಹಾಳೆ ವಾಪಸ್ ಪಡೆಯಿರಿ. ಹತ್ತು ನಿಮಿಷ ಬೇರೆ ಮಾತಾಡಿ, ಆಮೇಲೆ ಮೂರೇ ವಾಕ್ಯದಲ್ಲಿ ಬರೆಸಿ. ಈಗ ಮೂಲವನ್ನು ಮರಳಿ ಕೊಟ್ಟು, ಸಾಲಾಗಿ ನಾಲ್ಕೈದು ಪದ ಹೊಂದುವಲ್ಲೆಲ್ಲ ಅಡಿಗೆರೆ ಎಳೆಸಿ. ಅಲ್ಲಿ ಉದ್ಧರಣ ಚಿಹ್ನೆ ಬರಬೇಕು, ಇಲ್ಲವೇ ವಾಕ್ಯವನ್ನೇ ಹೊಸದಾಗಿ ಬರೆಯಬೇಕು. ಎರಡರಲ್ಲೂ ಲೇಖಕರ ಹೆಸರು, ಪುಟಸಂಖ್ಯೆ ಬೇಕೇ ಬೇಕು. ಸ್ವಂತ ಮಾತಿನಲ್ಲಿ ಬರೆದರೆ ಆಕರ ಬೇಡ ಎಂಬ ತಪ್ಪು ಕಲ್ಪನೆಯೇ ಹೆಚ್ಚಿನವರನ್ನು ಬೀಳಿಸುವುದು.

ಎಷ್ಟೋ ಕಳವು ಶುರುವಾಗುವುದು ಟಿಪ್ಪಣಿ ಪುಸ್ತಕದಲ್ಲೇ. ಪುಟಸಂಖ್ಯೆ ಇಲ್ಲದೆ ನಕಲು ಮಾಡಿಟ್ಟ ಸಾಲು ಮೂರು ತಿಂಗಳ ಬಳಿಕ ತನ್ನದೇ ಎನಿಸುತ್ತದೆ. ಮೂಲದ ಮಾತಿಗೆ ಒಂದು ಶಾಯಿ, ತನ್ನದಕ್ಕೆ ಇನ್ನೊಂದು ಶಾಯಿ ಎಂದು ಮೊದಲ ವಾರವೇ ರೂಢಿ ಮಾಡಿಸಿ.

ಪ್ರಶ್ನೆ: ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ಬಳಸಿದರೆ ತಂತ್ರಾಂಶ ಹಿಡಿಯುವುದಿಲ್ಲವಂತೆ?

ಉತ್ತರ: ಬಹಳ ಸಲ ಹಿಡಿಯುವುದಿಲ್ಲ, ನಿಜ. ಆದರೆ ಆ ಲೇಖನ ಓದಿರುವ ಪರೀಕ್ಷಕರು ಹಿಡಿಯುತ್ತಾರೆ. ಆಕರ ಹೇಳದ ಅನುವಾದವೂ ಕೃತಿಚೌರ್ಯವೇ. ‘ಅನುವಾದ ನನ್ನದು’ ಎಂದು ಅಡಿಟಿಪ್ಪಣಿಯಲ್ಲಿ ಮೂಲದ ವಿವರ ಕೊಟ್ಟರೆ ತಕರಾರಿಲ್ಲ. ಇನ್ನೊಂದು ವಿಷಯ: ಕನ್ನಡ ಟೈಪಿಸುವ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತ ಹೋಲಿಕೆ ನೋಡುವ ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಹಾಗೆ ಬಂದ ‘ಶೇ. 0’ ನಂಬಬೇಡಿ. ಕನ್ನಡವನ್ನು ಕನ್ನಡವಾಗಿಯೇ ಗುರುತಿಸುವ ಯೂನಿಕೋಡ್ ಲಿಪಿಸಂಕೇತಕ್ಕೆ ಪರಿವರ್ತಿಸಿ, ಒತ್ತಕ್ಷರ ಸರಿಯಿವೆಯೇ ನೋಡಿಯೇ ಪರಿಶೀಲನೆಗೆ ಕಳಿಸಿ.